ಬೋರ್ಶ್ಚಿವ್ ಕಡೆಯ ಹಳ್ಳಿ, ಮನೆ ನಂಬರ್ 61

ಉಕ್ರೇನಿನ ಪಶ್ಚಿಮ ಭಾಗದಲ್ಲಿ, ಅಂದರೆ ಹಿಂದೆ ಆಸ್ಟ್ರಿಯಾದ ಕೈಯಲ್ಲಿದ್ದು ಗಲಿಷಿಯಾ ಅನ್ನಿಸಿಕೊಳ್ಳುತ್ತಿದ್ದ ಸೀಮೆಯಲ್ಲಿ, ಒಂದು ಮನೆತನದ ಹಿರಿಯರನ್ನು ಹುಡುಕಬೇಕಾದರೆ ಹೆಸರಿನ ಹಿಂದೆ ಹೋಗಬೇಡಿ. ಮನೆ ನಂಬರಿನ ಹಿಂದೆ ಹೋಗಿ. ಇಷ್ಟು ವರ್ಷ ಹಳೆಯ ದಾಖಲೆ ಓದಿ ನಾನು ಗಟ್ಟಿಯಾಗಿ ಹೇಳಬಲ್ಲ ಮಾತು ಇದು. ಯಾಕೆ ಅಂತ ಹೇಳುತ್ತೇನೆ.

ನಾನು ಎಡ್ಮಂಟನ್‌ನಲ್ಲಿ ಉಕ್ರೇನಿ ಮೂಲದ ಮನೆಗೆ ಸೊಸೆಯಾಗಿ ಬಂದವಳು. ನಮ್ಮತ್ತೆಯ ಅಜ್ಜ 1899ರಲ್ಲಿ ಹೆಂಡತಿಯ ಜತೆ ಹಡಗು ಹತ್ತಿ ಕೆನಡಾಕ್ಕೆ ಬಂದರು. ಅವರು ತೀರಿಕೊಂಡಾಗ ಅತ್ತೆ ಇನ್ನೂ ಚಿಕ್ಕವರು. ಮನೆಯಲ್ಲಿ ಅವರದೊಂದು ಫೋಟೋ ಇತ್ತು, ಹೊಲದ ಕಾಗದ ಇತ್ತು. "ಆಸ್ಟ್ರಿಯಾದಿಂದ ಬಂದವರಂತೆ" ಅನ್ನುವ ಮಾತು ಇತ್ತು. ಹಳ್ಳಿ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಕ್ಕಳ ಅರ್ಧ ಬೇರು ಆ ಹಳ್ಳಿಯಲ್ಲಿದೆ. ಅದರ ಹೆಸರೇ ಗೊತ್ತಿಲ್ಲ ಅಂದರೆ ಹೇಗೆ ಅನ್ನಿಸಿತು. ಅತ್ತೆಗೂ ಅದೇ ಆಸೆ ಇತ್ತು, ಕೇಳುವವರು ಇರಲಿಲ್ಲ ಅಷ್ಟೆ.

ಕೆನಡಾದ ಕಾಗದಗಳಲ್ಲಿ ಅಜ್ಜನ ಬಗ್ಗೆ ಬೇಕಾದಷ್ಟು ಸಿಕ್ಕಿತು, ಹಳ್ಳಿಯೊಂದನ್ನು ಬಿಟ್ಟು. ಆಗ ಸರ್ಕಾರ 10 ಡಾಲರ್ ಶುಲ್ಕಕ್ಕೆ 160 ಎಕರೆ ಕಾಡುನೆಲ ಕೊಡುತ್ತಿತ್ತು. ಅಲ್ಲೇ ಮನೆ ಕಟ್ಟಿ, ನೆಲ ಹದಮಾಡಿ, ಮೂರು ವರ್ಷ ವಾಸವಿದ್ದು ತೋರಿಸಿದರೆ ನೆಲ ನಿಮ್ಮದು. ಆ ಅರ್ಜಿಗಳು ಆಲ್ಬರ್ಟಾ ಪ್ರಾಂತ್ಯದ ದಾಖಲೆ ಕಚೇರಿಯಲ್ಲಿ ಇಂದಿಗೂ ಇವೆ. ಅಜ್ಜ ಎಷ್ಟು ಎಕರೆ ಉತ್ತರು, ಎಷ್ಟು ದನ ಇಟ್ಟರು, ಮಣ್ಣಿನ ಗೋಡೆಯ ಮನೆ ಎಷ್ಟು ಅಗಲ, ಎಲ್ಲಾ ಬರೆದಿದೆ. ಹುಟ್ಟಿದ ಜಾಗ ಕೇಳಿದರೆ ಮಾತ್ರ ಬರೀ "ಗಲಿಷಿಯಾ, ಆಸ್ಟ್ರಿಯಾ". ಹ್ಯಾಂಬರ್ಗ್ ಬಂದರಿನ ಪ್ರಯಾಣಿಕರ ಪಟ್ಟಿಯಲ್ಲಿ ಊರಿನ ಹೆಸರು ಇತ್ತು. ಆದರೆ ಜರ್ಮನ್ ಗುಮಾಸ್ತ ತನ್ನ ಕಿವಿಗೆ ಕೇಳಿಸಿದ ಹಾಗೆ ಬರೆದುಕೊಂಡದ್ದು. ಆ ಹೆಸರಿನ ಊರು ಯಾವ ನಕ್ಷೆಯಲ್ಲೂ ಇಲ್ಲ.

ಊರಿನ ಮಾತು ಮನೆಯಲ್ಲಿ ಯಾಕೆ ಉಳಿಯಲಿಲ್ಲ ಅನ್ನುವುದಕ್ಕೆ ಒಂದು ಕಾರಣ ಇರಬೇಕು ಅನ್ನಿಸುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಆಸ್ಟ್ರಿಯಾ ಕೆನಡಾಕ್ಕೆ ಶತ್ರು ದೇಶ. ಅಲ್ಲಿಂದ ಬಂದವರೆಲ್ಲ ಇದ್ದಕ್ಕಿದ್ದ ಹಾಗೆ ಅನುಮಾನದ ಜನ ಆದರು. ಸುಮಾರು 80,000 ಜನ ಹೆಸರು ನೋಂದಾಯಿಸಿ ಆಗಾಗ ಪೊಲೀಸರ ಮುಂದೆ ಹಾಜರಾಗಬೇಕಾಯಿತು. ಅವರಲ್ಲಿ ಹೆಚ್ಚಿನವರು ಉಕ್ರೇನಿಗಳು. 8,500ಕ್ಕೂ ಹೆಚ್ಚು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿದರು. ಇಂಥ ಕಾಲ ಕಂಡವರು ಮಕ್ಕಳ ಮುಂದೆ ಹುಟ್ಟೂರಿನ ಬಗ್ಗೆ ಎಷ್ಟು ಮಾತಾಡಿಯಾರು?

ಕೊನೆಗೆ ಹಳ್ಳಿಯ ಹೆಸರು ಸಿಕ್ಕಿದ್ದು ವೆಗ್ರೆವಿಲ್ ಹತ್ತಿರದ ಒಂದು ಚರ್ಚಿನ ಸ್ಮಶಾನದಲ್ಲಿ. ಅಜ್ಜನದಲ್ಲ, ಅಜ್ಜನ ಹೆಂಡತಿಯ ಅಕ್ಕನ ಸಮಾಧಿ ಕಲ್ಲು. ಅದರ ಮೇಲೆ ಸಿರಿಲಿಕ್ ಲಿಪಿಯಲ್ಲಿ ಹೆಸರು, ಹುಟ್ಟಿದ ಹಳ್ಳಿ, ಅದರ ಕೆಳಗೆ "ಬೋರ್ಶ್ಚಿವ್ ಪೊವಿತ್" ಅಂತ ಇತ್ತು. ಪೊವಿತ್ ಅಂದರೆ ನಮ್ಮ ತಾಲ್ಲೂಕಿನಂಥದ್ದು. ಆ ಕೊನೆಯ ಸಾಲು ಇಲ್ಲದೇ ಇದ್ದಿದ್ದರೆ ಹಳ್ಳಿಯ ಹೆಸರು ಸಿಕ್ಕೂ ಪ್ರಯೋಜನ ಇರಲಿಲ್ಲ. ಉಕ್ರೇನಿನಲ್ಲಿ ಒಂದೇ ಹೆಸರಿನ ಹಳ್ಳಿಗಳು ತುಂಬಾ. ಇವಾನಿವ್ಕಾ ಅಂತ ಹುಡುಕಿ ನೋಡಿ, ಸಾಕಾಗಿಹೋಗುತ್ತದೆ. ನಮ್ಮ ಹಳ್ಳಿಯ ಹೆಸರನ್ನೂ ಮನೆತನದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅಲ್ಲಿ ನೆಂಟರಿದ್ದಾರೆ, ಅವರಿಗೆ ಅದು ಬೇಡ.

ಬೋರ್ಶ್ಚಿವ್ ಇರುವುದು ಟೆರ್ನೋಪಿಲ್ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ. ಕೆಳಗೆ ಡ್ನೀಸ್ಟರ್ ನದಿ, ಪೂರ್ವಕ್ಕೆ ಝ್ಬ್ರೂಚ್ ನದಿ. ಉಣ್ಣೆ ದಾರದಲ್ಲಿ ಕಪ್ಪು ಕಸೂತಿ ಒತ್ತೊತ್ತಾಗಿ ತುಂಬಿದ ಅಲ್ಲಿನ ಅಂಗಿಗಳು ಉಕ್ರೇನಿನಲ್ಲೆಲ್ಲ ಹೆಸರುವಾಸಿ. ಝ್ಬ್ರೂಚ್ ನೋಡಲು ದೊಡ್ಡ ನದಿಯೇನಲ್ಲ. ಆದರೆ ದಾಖಲೆ ಹುಡುಕುವವರಿಗೆ ಅದರಷ್ಟು ದೊಡ್ಡ ಗಡಿ ಇನ್ನೊಂದಿಲ್ಲ. ಆ ಕಾಲದಲ್ಲಿ ಈಚೆ ದಡ ಆಸ್ಟ್ರಿಯಾದ್ದು, ಆಚೆ ದಡ ರಷ್ಯಾದ್ದು. ಆಚೆ ದಡದವರನ್ನು ಹುಡುಕಬೇಕಾದರೆ ರಷ್ಯಾ ಸಾಮ್ರಾಜ್ಯದ ತಲೆಗಂದಾಯದ ಪಟ್ಟಿಗಳನ್ನು ಓದಬೇಕು. ಅವುಗಳಲ್ಲಿ ಕೊನೆಯದು 1858ರ ಸುಮಾರಿನದು. ಈಚೆ ದಡದಲ್ಲಿ ಮನೆ ನಂಬರ್. 1932–33ರಲ್ಲಿ ಸ್ಟಾಲಿನ್ ಆಡಳಿತ ತಂದ ಬರದಲ್ಲಿ ಆಚೆ ದಡದ ಹಳ್ಳಿಗಳಲ್ಲಿ ಜನ ಹಸಿದು ಸತ್ತರು. ಈಚೆ ದಡ ಆಗ ಪೋಲೆಂಡಿನಲ್ಲಿತ್ತು, ಹಾಗಾಗಿ ಉಳಿಯಿತು. ಒಂದು ಸಣ್ಣ ನದಿಯ ಯಾವ ದಡದಲ್ಲಿ ಹುಟ್ಟಿದಿರಿ ಅನ್ನುವುದರ ಮೇಲೆ ಬದುಕು ಸಾವು ನಿಂತಿತ್ತು.

ಈಗ ಮನೆ ನಂಬರಿನ ವಿಷಯ. 1772ರಲ್ಲಿ ಗಲಿಷಿಯಾ ಆಸ್ಟ್ರಿಯಾದ ಕೈಗೆ ಹೋದ ಮೇಲೆ ಅವರು ಮೊದಲು ಮಾಡಿದ ಕೆಲಸಗಳಲ್ಲಿ ಇದೂ ಒಂದು, ಹಳ್ಳಿಯ ಪ್ರತಿ ಮನೆಗೂ ನಂಬರ್. ಸೈನ್ಯಕ್ಕೆ ಗಂಡಸರ ಲೆಕ್ಕ ಬೇಕಾಗಿತ್ತು. 1784ರಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ಪಾದ್ರಿಗಳಿಗೆ ಆಜ್ಞೆ ಮಾಡಿದ: ಹುಟ್ಟು, ಮದುವೆ, ಸಾವು ಮೂರನ್ನೂ ಗೆರೆ ಹಾಕಿದ ಕಾಲಮ್ಮುಗಳಲ್ಲಿ ಬರೆಯಬೇಕು. ಆ ಪುಸ್ತಕಗಳಿಗೆ ಅಲ್ಲಿ ಮೆಟ್ರಿಕಾ ಅನ್ನುತ್ತಾರೆ. ಒಂದು ಪ್ರತಿ ಚರ್ಚಿನಲ್ಲಿ, ಇನ್ನೊಂದು ಮೇಲಿನ ಧರ್ಮಾಧಿಕಾರಿಗಳ ಕಚೇರಿಗೆ. ಒಂದು ಕಳೆದರೂ ಇನ್ನೊಂದು ಎಲ್ಲಾದರೂ ಉಳಿದಿರಬಹುದು ಅನ್ನುವ ಧೈರ್ಯ ಇದರಿಂದಲೇ ಬರುವುದು. ನಮ್ಮ ಹಳ್ಳಿಯವು ಸ್ವಲ್ಪ ಟೆರ್ನೋಪಿಲ್ ದಾಖಲೆ ಕಚೇರಿಯಲ್ಲಿವೆ, ಸ್ವಲ್ಪ ಲ್ವಿವ್‌ನಲ್ಲಿವೆ.

ಹಳ್ಳಿಯವರು ಗ್ರೀಕ್ ಕ್ಯಾಥೊಲಿಕ್, ಅಂದರೆ ಪೋಪರನ್ನು ಒಪ್ಪಿಯೂ ಪೂರ್ವದ ಚರ್ಚಿನ ಆಚರಣೆ ಉಳಿಸಿಕೊಂಡವರು. ಮನೆಮಾತು ಉಕ್ರೇನಿ. ಪಾದ್ರಿ ಬರೆಯುತ್ತಿದ್ದದ್ದು ಲ್ಯಾಟಿನ್. ಹೀಗಾಗಿ ವಸಿಲ್ ಪುಸ್ತಕದಲ್ಲಿ ಬಾಸಿಲಿಯುಸ್ ಆಗುತ್ತಾನೆ. ಇವಾನ್ ಯೊವಾನ್ನೆಸ್ ಆಗುತ್ತಾನೆ. ಮನೆತನದ ಹೆಸರನ್ನು ಒಬ್ಬ ಪಾದ್ರಿ ಪೋಲಿಷ್ ಕ್ರಮದಲ್ಲಿ ಬರೆದರೆ ಮುಂದಿನವರು ತಮಗೆ ತೋಚಿದಂತೆ ಬರೆದಿದ್ದಾರೆ. ಕಾಲಮ್ಮುಗಳನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಲ್ಯಾಟಿನ್ ಬರದಿದ್ದರೂ ಓದಬಹುದು. ತಾರೀಖು, ಮನೆ ನಂಬರ್, ಮಗುವಿನ ಹೆಸರು, ಧರ್ಮ, ಗಂಡೋ ಹೆಣ್ಣೋ, ಅಪ್ಪ ಅಮ್ಮ, ದೀಕ್ಷಾಸ್ನಾನದಲ್ಲಿ ಮಗುವಿಗೆ ಹಿರಿಯರಾಗಿ ನಿಲ್ಲುವ ಧರ್ಮಪಿತ ಧರ್ಮಮಾತೆ. ಎಷ್ಟೋ ಕಡೆ ಸೂಲಗಿತ್ತಿಯ ಹೆಸರೂ ಇದೆ. ಹಿಂದಿನ ವರ್ಷಗಳಲ್ಲಿ ಅಪ್ಪ ಅಮ್ಮನ ಹೆಸರಷ್ಟೇ. ಆಮೇಲಿನ ವರ್ಷಗಳಲ್ಲಿ ಅವರ ಅಪ್ಪ ಅಮ್ಮಂದಿರ ಹೆಸರೂ ಸೇರುತ್ತದೆ.

ನಮ್ಮ ಹಳ್ಳಿಯಲ್ಲಿ ನಾಲ್ಕೈದು ಮನೆತನದ ಹೆಸರುಗಳಲ್ಲೇ ಅರ್ಧ ಊರು ಮುಗಿದುಹೋಗುತ್ತದೆ. ಅತ್ತೆಯ ಅಜ್ಜನ ಅಪ್ಪನದೇ ಹೆಸರಿನ ಇನ್ನೊಬ್ಬ ಅದೇ ಕಾಲದಲ್ಲಿ ಅದೇ ಊರಿನಲ್ಲಿದ್ದ. ಇಬ್ಬರ ಹೆಂಡತಿಯರ ಹೆಸರೂ ಮರಿಯಾ. ಇಬ್ಬರಿಗೂ ಒಂದೆರಡು ವರ್ಷದ ಅಂತರದಲ್ಲಿ ಮಕ್ಕಳು. ಬರೀ ಹೆಸರು ನೋಡಿ ವಂಶವೃಕ್ಷ ಬರೆಯುವವರು ಇಂಥ ಕಡೆ ಎರಡು ಸಂಸಾರವನ್ನು ಒಂದು ಮಾಡಿಬಿಡುತ್ತಾರೆ. ಇಂಟರ್ನೆಟ್ಟಿನಲ್ಲಿ ಹಾಗೆ ಮಾಡಿದ ವೃಕ್ಷಗಳು ರಾಶಿ ಬಿದ್ದಿವೆ, ನೋಡಿದರೆ ನನಗೆ ಸಂಕಟವಾಗುತ್ತದೆ. ಮನೆ ನಂಬರ್ ನೋಡಿ, ತಕ್ಷಣ ಬಿಡಿಸಿಕೊಳ್ಳುತ್ತದೆ. ಒಬ್ಬರದು 23, ಇನ್ನೊಬ್ಬರದು 61. ನಮ್ಮವರು 61.

ಆಮೇಲೆ ನಾನು ಹೆಸರು ಬಿಟ್ಟು 61ನೇ ಮನೆಯಲ್ಲಿ ಹುಟ್ಟಿದವರು, ಮದುವೆಯಾದವರು, ಸತ್ತವರು ಎಲ್ಲರನ್ನೂ ಒಂದು ಹಾಳೆಗೆ ಇಳಿಸುತ್ತಾ ಹಿಂದಕ್ಕೆ ಹೋದೆ. ಮಧ್ಯದಲ್ಲಿ, 1842ರಲ್ಲಿ, ಮನೆಯ ಹೆಸರೇ ಬದಲಾಯಿತು. ಅದಕ್ಕೆ ಮುಂಚೆ ಆ ಮನೆಯಲ್ಲಿ ಇದ್ದವರು ಬೇರೆ ಹೆಸರಿನವರು. ಮದುವೆಯ ಪುಸ್ತಕ ತೆಗೆದರೆ ಅದೇ ವರ್ಷ ಒಂದು ಮದುವೆ. ವಧು 61ನೇ ಮನೆಯವಳು, ಇಪ್ಪತ್ತು ವರ್ಷ. ವರ 17ನೇ ಮನೆಯವನು. ಆಮೇಲೆ ಅವರ ಮಕ್ಕಳೆಲ್ಲ ಹುಟ್ಟಿದ್ದು 61ರಲ್ಲಿ. ಅಂದರೆ ಅವನು ಮನೆಅಳಿಯನಾಗಿ ಬಂದವನು. ಅತ್ತೆಯ ತವರಿನವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರು ಅವನು ತಂದದ್ದು. ಮನೆ, ಹೊಲ, ಹಿತ್ತಲು ಎಲ್ಲಾ ಆ ಹುಡುಗಿಯದು.

ಅವಳೊಬ್ಬಳಿಗೇ ಯಾಕೆ ಮನೆ ಬಂತು? ಗಂಡು ಮಕ್ಕಳು ಇರಲಿಲ್ಲವಾ? ಇದ್ದರು. ಹುಟ್ಟಿದ ಪುಸ್ತಕದಲ್ಲಿ ಇಬ್ಬರು ಅಣ್ಣಂದಿರು ಇದ್ದಾರೆ. ಉತ್ತರ ಸಿಕ್ಕಿದ್ದು 1831ರ ಸಾವಿನ ಪುಸ್ತಕದಲ್ಲಿ.

ಆ ಪುಟಗಳ ಬಗ್ಗೆ ಬರೆಯುವುದು ನನಗೆ ಸುಲಭವಲ್ಲ. ಸಾವಿನ ಕಾರಣ ಬರೆಯುವ ಕಾಲಮ್ಮಿನಲ್ಲಿ ಬೇರೆ ವರ್ಷಗಳಲ್ಲಿ ಬಹಳ ಕಡೆ "ಒರ್ಡಿನಾರಿಯಾ" ಅಂತಲೇ ಇರುತ್ತದೆ, ಸಾಮಾನ್ಯ ಸಾವು ಅಂತ. ವರ್ಷಕ್ಕೆ ಎರಡು ಮೂರು ಪುಟ. 1831ರಲ್ಲಿ ಕಾಲರಾ ಬಂತು. ಇಡೀ ಗಲಿಷಿಯಾಕ್ಕೆ ಬಂದ ಕಾಲರಾ ಅದು. ಪುಟದ ಮೇಲೆ ಪುಟ. ದಿನಕ್ಕೆ ನಾಲ್ಕು, ಐದು ಹೆಸರು. ಪಾದ್ರಿಯ ಅಕ್ಷರ ಕೆಡುತ್ತಾ ಹೋಗುತ್ತದೆ. ಸ್ವಲ್ಪ ದಿನ ಆದಮೇಲೆ ಕಾರಣ ಬರೆಯುವುದನ್ನೇ ಬಿಟ್ಟು ಮೇಲಿನಿಂದ ಕೆಳಗೆ ಒಂದು ಗೆರೆ ಎಳೆದಿದ್ದಾರೆ. ಮನೆ ನಂಬರುಗಳನ್ನು ಮಾತ್ರ ಬಿಡದೆ ಬರೆದಿದ್ದಾರೆ. 58, 58, 60, 58, 61. ರೋಗ ಹಳ್ಳದ ಪಕ್ಕದ ಸಾಲಿನಲ್ಲಿ ಮನೆಯಿಂದ ಮನೆಗೆ ಹೋದದ್ದು ಆ ನಂಬರುಗಳಲ್ಲೇ ಕಾಣುತ್ತದೆ. ಎಲ್ಲರೂ ಒಂದೇ ಹಳ್ಳದ ನೀರು ಕುಡಿಯುತ್ತಿದ್ದವರು ಇರಬೇಕು. 61ರಲ್ಲಿ ಮೊದಲು ತಾಯಿ. ಆಮೇಲೆ ದೊಡ್ಡ ಮಗ. ಅವನ ಬೆನ್ನಿಗೇ ಚಿಕ್ಕವನು. ಒಂಬತ್ತು ವರ್ಷದ ಹುಡುಗಿ ಮತ್ತು ಅಪ್ಪ ಉಳಿದರು.

ನನ್ನ ಮಕ್ಕಳು ಇರುವುದು ಆ ಒಂಬತ್ತು ವರ್ಷದ ಹುಡುಗಿ ಬದುಕಿದ್ದರಿಂದ. ಅವಳು ಮುಂದೆ 1847ರ ಬರವನ್ನೂ ಕಂಡಳು. ಆಲೂಗೆಡ್ಡೆ ಕೊಳೆತು ಗಲಿಷಿಯಾದಲ್ಲಿ ಜನ ಹಸಿವಿನಿಂದ ಸತ್ತ ವರ್ಷಗಳು ಅವು. ಹಿಂದೆಯೇ ಟೈಫಸ್ ಜ್ವರ ಬಂತು. ಆಗ ಅವಳ ಮನೆಯಿಂದ ಒಂದು ಕೂಸು ಹೋಯಿತು, ಮೂರು ಉಳಿದವು. ಅವುಗಳಲ್ಲಿ ಒಬ್ಬ ಅತ್ತೆಯ ಅಜ್ಜನ ಅಪ್ಪ.

ಜಮೀನಿನ ಕಥೆ ಬೇಕಾದರೆ ಲ್ವಿವ್‌ಗೆ ಹೋಗಬೇಕು. ಅಲ್ಲಿನ ಕೇಂದ್ರ ಐತಿಹಾಸಿಕ ದಾಖಲೆ ಕಚೇರಿ ಹಳೆಯ ಬರ್ನಾರ್ಡಿನ್ ಮಠದ ಕಟ್ಟಡದಲ್ಲಿದೆ. ಎರಡು ದೊಡ್ಡ ಭೂಮಾಪನದ ಪುಸ್ತಕಗಳು ಅಲ್ಲಿವೆ. ಒಂದು 1785–88ರದು, ಎರಡನೇ ಜೋಸೆಫ್ ಕಾಲದ್ದು. ಇನ್ನೊಂದು 1819–20ರದು. ಮೊದಲನೆಯದು ಅಲ್ಲಿ 19ನೇ ಫೋಂಡ್, ಎರಡನೆಯದು 20ನೇ ಫೋಂಡ್. ದಾಖಲೆ ಕೇಳುವಾಗ ಫೋಂಡ್ (ಸಂಗ್ರಹ), ಓಪಿಸ್ (ಅದರೊಳಗಿನ ಪಟ್ಟಿ), ಸ್ಪ್ರಾವಾ (ಕಡತ) ಅಂತ ಮೂರು ನಂಬರ್ ಕೊಡಬೇಕು. ಅದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಯಾವ ಮನೆಯವರು ಯಾವ ತುಂಡು ನೆಲ ಉಳುತ್ತಾರೆ, ಅದು ಎಷ್ಟು ದೊಡ್ಡದು, ಏನು ಬೆಳೆಯುತ್ತದೆ ಅಂತ ಆ ಪುಸ್ತಕಗಳಲ್ಲಿದೆ.

ಉಳುವುದೇನೋ ರೈತನೇ, ಆದರೆ ಅವನು ಜಮೀನ್ದಾರನಿಗೆ ಬಿಟ್ಟಿ ದುಡಿಯಬೇಕಿತ್ತು. ಪಂಶ್ಚಿನಾ ಅನ್ನುತ್ತಿದ್ದರು. ವಾರಕ್ಕೆ ಮೂರು ದಿನಕ್ಕಿಂತ ಜಾಸ್ತಿ ದುಡಿಸಿಕೊಳ್ಳಬಾರದು ಅಂತ 1786ರಲ್ಲಿ ಕಾನೂನು ಬಂತು ಅಂದರೆ ಅದಕ್ಕೆ ಮುಂಚೆ ಹೇಗಿತ್ತು ಅಂತ ಯೋಚಿಸಿ. ಅದು ಪೂರ್ತಿ ಹೋದದ್ದು 1848ರಲ್ಲಿ. ಬಿಟ್ಟಿ ಹೋಯಿತು, ಆದರೆ ನೆಲ ಬೆಳೆಯಲಿಲ್ಲ. ಅಪ್ಪನ ಹೊಲ ಮಕ್ಕಳಿಗೆ ಪಾಲಾಗಿ, ಅವರ ಮಕ್ಕಳಿಗೆ ಮತ್ತೆ ಪಾಲಾಗಿ, ಆ ಶತಮಾನ ಮುಗಿಯುವ ಹೊತ್ತಿಗೆ ಗಲಿಷಿಯಾದ ಹೆಚ್ಚಿನ ರೈತರಿಗೆ 5 ಹೆಕ್ಟೇರ್ ಕೂಡ ಇರಲಿಲ್ಲ. 1891ರಲ್ಲಿ ನೆಬಿಲಿವ್ ಹಳ್ಳಿಯ ಇವಾನ್ ಪಿಲಿಪಿವ್ ಮತ್ತು ವಸಿಲ್ ಎಲೆನ್ಯಾಕ್ ಕೆನಡಾ ನೋಡಿ ಬಂದರು. 1895ರಲ್ಲಿ ಓಸಿಪ್ ಒಲೆಸ್ಕಿವ್ ಅನ್ನುವ ವಿದ್ವಾಂಸರು ಸ್ವತಃ ಹೋಗಿ ನೋಡಿ, ರೈತರಿಗೆ ತಿಳಿಯುವ ಹಾಗೆ ಬರೆದರು. 160 ಎಕರೆ ಅಂದರೆ ಸುಮಾರು 65 ಹೆಕ್ಟೇರ್. ಅಂಗೈಯಗಲ ಹೊಲದಲ್ಲಿ ಅಣ್ಣತಮ್ಮಂದಿರ ಜತೆ ಪಾಲಿಗೆ ಕೂತ ಇಪ್ಪತ್ತಾರರ ಹುಡುಗನಿಗೆ ಆ ಮಾತು ಹೇಗೆ ಕೇಳಿಸಿರಬೇಕು! ಮೊದಲನೇ ಮಹಾಯುದ್ಧ ಶುರುವಾಗುವಷ್ಟರಲ್ಲಿ ಸುಮಾರು 1,70,000 ಉಕ್ರೇನಿಗಳು ಕೆನಡಾಕ್ಕೆ ಬಂದಿದ್ದರು.

2018ರ ಬೇಸಿಗೆಯಲ್ಲಿ ಅತ್ತೆ, ನನ್ನ ಗಂಡ, ನಾನು ಆ ಹಳ್ಳಿಗೆ ಹೋದೆವು. ಲ್ವಿವ್‌ನಿಂದ ರೈಲಿನಲ್ಲಿ ಟೆರ್ನೋಪಿಲ್, ಅಲ್ಲಿಂದ ಚೋರ್ಟ್ಕಿವ್ ಮೇಲೆ ಬಸ್ಸು. ಊರ ಬಾಗಿಲಲ್ಲೇ ಒಂದು ಕಲ್ಲಿನ ಶಿಲುಬೆ ಇದೆ. ಅದರ ಮೇಲೆ 3 ಮೇ 1848 ಅಂತ ಕೆತ್ತಿದ್ದಾರೆ. ಬಿಟ್ಟಿ ದುಡಿಮೆ ಹೋದ ನೆನಪಿಗೆ ನೆಟ್ಟದ್ದು. ಗಲಿಷಿಯಾದ ಹಳ್ಳಿ ಹಳ್ಳಿಯಲ್ಲೂ ಇಂಥವು ಇವೆ. ಸರ್ಕಾರಿ ಲೆಕ್ಕದಲ್ಲಿ ಅದು ಮೇ 15. ಹಳ್ಳಿಯವರು ಹಿಡಿದಿದ್ದು ಚರ್ಚಿನ ಹಳೆಯ ಜೂಲಿಯನ್ ಪಂಚಾಂಗ, ಆ ಶತಮಾನದಲ್ಲಿ ಅದು 12 ದಿನ ಹಿಂದೆ. 61ನೇ ಮನೆಯ ಆ ಹುಡುಗಿಗೆ ಆಗ ಇಪ್ಪತ್ತಾರು ವರ್ಷ. ಶಿಲುಬೆ ನೆಡುವಾಗ ಅವಳೂ ಅಲ್ಲಿ ನಿಂತಿದ್ದಳು ಅಂತಲೇ ನಾನು ನಂಬಿದ್ದೇನೆ.

ಹಳೆಯ ಮನೆ ನಂಬರುಗಳು ಈಗಿಲ್ಲ. ಬೀದಿಗೆ ಹೆಸರು, ಹೊಸ ನಂಬರ್. ನನ್ನ ಫೋನಿನಲ್ಲಿ ಆಸ್ಟ್ರಿಯಾದ ಸೈನ್ಯ 1861–64ರಲ್ಲಿ ಮಾಡಿದ ನಕ್ಷೆ ಇತ್ತು. ಅದರಲ್ಲಿ ಹಳ್ಳ, ದಾರಿ, ಚರ್ಚು ಎಲ್ಲಾ ಹಾಗೇ ಇವೆ, ಆದರೆ ಮನೆಗೆ ನಂಬರ್ ಇಲ್ಲ. ಚರ್ಚಿನ ಹತ್ತಿರ ಒಬ್ಬ ಅಜ್ಜಿ ಸಿಕ್ಕರು. ಅತ್ತೆಯ ಉಕ್ರೇನಿ ನೂರು ವರ್ಷದ ಹಿಂದೆ ಕೆನಡಾಕ್ಕೆ ಬಂದ ಹಳ್ಳಿಗರ ಮಾತು, ಆ ಅಜ್ಜಿಗೆ ಚೆನ್ನಾಗಿ ತಿಳಿಯಿತು.

"ಯಾರ ಮನೆಯವಳಮ್ಮಾ ನೀನು?" ಅಂದರು.

ಅತ್ತೆ ಮನೆತನದ ಹೆಸರು ಹೇಳಿದರು. ಅಜ್ಜಿ ತಲೆ ಅಲ್ಲಾಡಿಸಿದರು. "ಆ ಹೆಸರಿನವರು ಊರ ತುಂಬಾ ಇದ್ದಾರೆ. ಯಾವ ಕಡೆಯವರು?"

ಅತ್ತೆ ನನ್ನ ಮುಖ ನೋಡಿದರು. ನಾನು ಹಾಳೆ ತೆಗೆದೆ. 61ನೇ ಮನೆಯ ಮಕ್ಕಳಿಗೆಲ್ಲ ಧರ್ಮಪಿತ ಧರ್ಮಮಾತೆಯರಾಗಿ ನಿಂತವರು ಪಕ್ಕದ 60 ಮತ್ತು 62ನೇ ಮನೆಯವರು. ಆ ಎರಡು ಮನೆತನದ ಹೆಸರುಗಳನ್ನು ಅತ್ತೆ ಒಂದಾದ ಮೇಲೊಂದು ಓದಿದರು. ಅಜ್ಜಿ ಕೈಯಲ್ಲಿದ್ದ ಚೀಲ ಕೆಳಗಿಟ್ಟರು. "ಅವರಿಬ್ಬರ ಮಧ್ಯದ ಮನೆಯಾ? ಬಾ, ತೋರಿಸ್ತೀನಿ" ಅಂತ ಮುಂದೆ ನಡೆದೇಬಿಟ್ಟರು.

ಅಲ್ಲಿ ಈಗ ಇರುವುದು ಅರವತ್ತರ ದಶಕದಲ್ಲಿ ಕಟ್ಟಿದ ಇಟ್ಟಿಗೆ ಮನೆ. ಒಳಗಿದ್ದವರು ಅತ್ತೆಯ ಅಜ್ಜನ ತಮ್ಮನ ಮರಿಮಗಳು ಮತ್ತು ಅವರ ಸಂಸಾರ. ಅವರ ಕಡೆ ನಡೆದದ್ದನ್ನು ಹಳ್ಳಿ ಕಚೇರಿಯ ಹಳೆಯ ಪುಸ್ತಕದಲ್ಲಿ ನೋಡಿದೆವು. ಸೋವಿಯತ್ ಕಾಲದಲ್ಲಿ ಮನೆ ಮನೆಯ ಜನ, ದನ, ನೆಲ ಎಲ್ಲವನ್ನೂ ಬರೆದಿಡುತ್ತಿದ್ದ ಪುಸ್ತಕ ಅದು. 1947ರ ಸಾಲಿನಲ್ಲಿ ಐದು ಹೆಸರುಗಳ ಮೇಲೆ ಅಡ್ಡ ಗೀಟು. ಆ ವರ್ಷ ಅಕ್ಟೋಬರ್ 21ರಂದು ಪಶ್ಚಿಮ ಉಕ್ರೇನಿನ ಹಳ್ಳಿಗಳಿಂದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ದೂರದ ಸೈಬೀರಿಯಾ ಕಡೆಗೆ ಕಳಿಸಿದರು. ಸೋವಿಯತ್ ಆಡಳಿತದ ವಿರುದ್ಧ ಹೋರಾಡುತ್ತಿದ್ದ ಉಕ್ರೇನಿ ಬಂಡುಕೋರರಿಗೆ ಅನ್ನ ಹಾಕಿದರು ಅನ್ನುವ ಆರೋಪವೇ ಸಾಕಾಗಿತ್ತು. ಕೆನಡಾಕ್ಕೆ ಕಾಗದ ಬರುವುದು ನಿಂತದ್ದು ಯಾಕೆ ಅಂತ ಅತ್ತೆಗೆ ಅವತ್ತು ತಿಳಿಯಿತು. ಅಜ್ಜ ತಮ್ಮನ ಕಾಗದಕ್ಕೆ ಕಾಯುತ್ತಲೇ ತೀರಿಕೊಂಡಿದ್ದರು. ಆ ಐವರಲ್ಲಿ ಮೂವರು ವಾಪಸ್ ಬಂದರು. ಅವರಲ್ಲಿ ಒಬ್ಬರು ಈ ಮನೆಯಾಕೆಯ ತಾಯಿ.

ಆ ಮನೆಯಾಕೆಯ ಮಗ 2022ರಲ್ಲಿ ಉಕ್ರೇನಿನ ಸೇನೆಗೆ ಸೇರಿದ. ಈಗಲೂ ಅಲ್ಲೇ ಇದ್ದಾನೆ. ವಾರಕ್ಕೊಮ್ಮೆ ಅತ್ತೆ ಅವನ ತಾಯಿಗೆ ಫೋನ್ ಮಾಡುತ್ತಾರೆ. ಮೊದಲು ಅವನ ವಿಚಾರ, ಆಮೇಲೆ ಉಳಿದದ್ದು.

ಯುದ್ಧದಲ್ಲಿ ಕಾಗದಗಳೂ ಹೋಗುತ್ತಿವೆ. 2022ರಲ್ಲಿ ಚೆರ್ನಿಹಿವ್‌ನಲ್ಲಿ ಭದ್ರತಾ ಇಲಾಖೆಯ ದಾಖಲೆಗಳು ನಾಶವಾದವು. ಅವುಗಳಲ್ಲಿ ಸೋವಿಯತ್ ಕಾಲದಲ್ಲಿ ಶಿಕ್ಷೆಗೊಳಗಾದವರ ಕಡತಗಳಿದ್ದವು. ಖೆರ್ಸೋನ್ ಬಿಟ್ಟು ಹೋಗುವಾಗ ರಷ್ಯಾದ ಪಡೆಗಳು ಅಲ್ಲಿನ ದಾಖಲೆ ಕಚೇರಿಯನ್ನು ದೋಚಿದವು. ಅಲ್ಲಿನ ಜನರ ಅಜ್ಜಂದಿರನ್ನು ಇನ್ನು ಯಾರು ಹುಡುಕಿ ಕೊಡುತ್ತಾರೆ? ಇದರ ನಡುವೆಯೂ ಉಕ್ರೇನಿನ ದಾಖಲೆ ಕಚೇರಿಗಳ ಸಿಬ್ಬಂದಿ ಪುಟ ಪುಟವನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಬಹಳಷ್ಟನ್ನು ಫ್ಯಾಮಿಲಿಸರ್ಚ್ ಅನ್ನುವ ವಂಶಾವಳಿ ಸಂಸ್ಥೆಯ ಜತೆ ಸೇರಿ ಮಾಡುತ್ತಿದ್ದಾರೆ. ಮನೆಯಲ್ಲೇ ಕೂತು ಅದನ್ನು ಪುಕ್ಕಟೆ ಓದುವಾಗ ಅವರನ್ನು ನೆನೆಯದೆ ಇರಲು ನನಗೆ ಆಗುವುದಿಲ್ಲ.

ಹೀಗೆ ಬಂದ ಸ್ಕ್ಯಾನುಗಳನ್ನು ಇಟ್ಟುಕೊಂಡು ನಾನೀಗ ಬರೀ 61 ಅಲ್ಲ, ಇಡೀ ಹಳ್ಳಿಯ ಪುಸ್ತಕಗಳನ್ನು ಮನೆ ನಂಬರಿನ ಪ್ರಕಾರ ಜೋಡಿಸುತ್ತಿದ್ದೇನೆ. ಆದಷ್ಟನ್ನು ಹಳ್ಳಿಯ ಶಾಲೆಗೆ ಕಳಿಸಿದ್ದೇನೆ. ಮನೆಅಳಿಯ ಬಂದ 17ನೇ ಮನೆಯ ಸಾಲು ಮಾತ್ರ 1790ರ ಸುಮಾರಿಗೆ ನಿಂತುಹೋಗುತ್ತದೆ. ಅದಕ್ಕೆ ಹಿಂದೆ ಅವರು ಪಕ್ಕದ ಊರಿನ ಚರ್ಚಿಗೆ ಸೇರಿದ್ದವರು ಇರಬಹುದು. ಹಳೆಯ ಧರ್ಮಪ್ರಾಂತ್ಯದ ಕೈಪಿಡಿಯಲ್ಲಿ ಆ ಎರಡು ಊರಿಗೂ ಒಬ್ಬನೇ ಪಾದ್ರಿ ಅಂತ ಇದೆ. ಪಕ್ಕದ ಊರಿನ ಪುಸ್ತಕ ಇನ್ನೂ ಸ್ಕ್ಯಾನ್ ಆಗಿಲ್ಲ. ಟೆರ್ನೋಪಿಲ್‌ಗೆ ಬರೆದಿದ್ದೇನೆ.